ಬೆಂಗಳೂರಿನಿಂದ ಐಸ್ ಹಾಕಿಗೆ ಯಾವ ದಾರಿ? ನಾವು ಆಡಿಸಿ ನೋಡಿದ್ದರ ಹೋಲಿಕೆ

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಮಗು ಐಸ್ ಹಾಕಿ ಕಲಿಯಬೇಕು ಅಂದರೆ ವರ್ಷವಿಡೀ ಇನ್‌ಲೈನ್ ಹಾಕಿ (ಒಂದೇ ಸಾಲಿನಲ್ಲಿ ಚಕ್ರವಿರುವ ಸ್ಕೇಟ್ಸ್ ಮೇಲೆ ಆಡುವ ಹಾಕಿ) ಆಡಲಿ, ಚಳಿಗಾಲದಲ್ಲಿ ಲೇಹ್‌ಗೆ ಹೋಗಲಿ. ಕೈಯಲ್ಲಿ ದುಡ್ಡಿದ್ದರೆ ನಡುವೆ ಗುರುಗ್ರಾಮದ ಐಸ್ ರಿಂಕ್. ಕೆನಡಾ, ಅಮೆರಿಕದ ಜೂನಿಯರ್ ಲೀಗಿನ ಮಾತು ಇದೆಲ್ಲ ಆದ ಮೇಲೆ.

ನನ್ನ ಮಗನಿಗೆ ಈಗ 14, ಮಗಳಿಗೆ 11. ಇಬ್ಬರಿಗೂ ಇದೇ ಹುಚ್ಚು. ನಮ್ಮೂರಲ್ಲಿ ಪೂರ್ತಿ ಅಳತೆಯ ಐಸ್ ರಿಂಕ್ ಇಲ್ಲ. ಹಾಗಾಗಿ ಇರುವ ದಾರಿಗಳನ್ನೆಲ್ಲ ಒಂದೊಂದಾಗಿ ನೋಡುತ್ತಾ ಬಂದೆವು. ಇದೇ ಯೋಚನೆಯಲ್ಲಿರುವ ಅಪ್ಪ ಅಮ್ಮಂದಿರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಶುರು ಮಾಡಿದ್ದು ಎಲ್ಲರ ಹಾಗೆ ಕ್ವಾಡ್ ಸ್ಕೇಟ್ಸ್‌ನಲ್ಲಿ, ಅಂದರೆ ಎರಡು ಜೋಡಿ ಚಕ್ರದ್ದು. ಬಡಾವಣೆಯ ರಿಂಕ್‌ಗಳಲ್ಲಿ ಹೇಳಿಕೊಡುವುದು ಹೆಚ್ಚಾಗಿ ಇದನ್ನೇ. ಅದರ ಮೇಲೆ ಆಡುವುದು ರೋಲರ್ ಹಾಕಿ. ಗೋಲ್‌ಕೀಪರ್ ಸೇರಿ ಒಂದು ಕಡೆ ಐದು ಜನ, ಗಟ್ಟಿ ಚೆಂಡು, ಗಿಡ್ಡ ಸ್ಟಿಕ್. ಖರ್ಚು ಕಡಿಮೆ, ಮನೆ ಹತ್ತಿರ, ಜೊತೆಗೆ ಆಡಲು ಮಕ್ಕಳೂ ಸಿಗುತ್ತಾರೆ. ಇಕ್ಕಟ್ಟಾದ ಜಾಗದಲ್ಲಿ ಪಾಸ್ ಕೊಡುವುದು, ತಲೆ ಎತ್ತಿ ಆಡುವುದು ಮಗನಿಗೆ ಬಂದಿದ್ದು ಇಲ್ಲೇ. ಆದರೆ ಐಸ್‌ಗೆ ಹೋಗುವ ಆಸೆ ಇದ್ದರೆ ಇದರಲ್ಲೇ ಬಹಳ ವರ್ಷ ಇರಬಾರದು. ಕ್ವಾಡ್‌ನಲ್ಲಿ ಪಾದದ ನಾಲ್ಕು ಮೂಲೆಗೂ ಆಸರೆ ಇರುತ್ತದೆ. ಐಸ್‌ನಲ್ಲಿ ಮೈಭಾರ ಪೂರ್ತಿ ಒಂದೇ ಗೆರೆಯ ಮೇಲೆ.

ಇನ್‌ಲೈನ್‌ನಲ್ಲಿ ಆ ಗೆರೆ ಸಿಗುತ್ತದೆ. ಇದರಲ್ಲಿ ಚೆಂಡಲ್ಲ, ಪಕ್, ಅಂದರೆ ಚಪ್ಪಟೆ ಬಿಲ್ಲೆ. ನಾಲ್ಕು ಜನ ಆಟಗಾರರು, ಒಬ್ಬ ಗೋಲ್‌ಕೀಪರ್. ಐಸ್ ಹಾಕಿಯಲ್ಲಿ ಗೋಲ್‌ಕೀಪರ್ ಬಿಟ್ಟು ಐದು ಜನ ಇರುತ್ತಾರೆ. ಇಲ್ಲಿ ಒಬ್ಬ ಕಡಿಮೆ ಇರುವುದರಿಂದ ಪ್ರತಿ ಮಗುವಿನ ಸ್ಟಿಕ್‌ಗೂ ಪಕ್ ಜಾಸ್ತಿ ಬರುತ್ತದೆ. ಐಸ್‌ನಲ್ಲಿರುವ ಐಸಿಂಗ್ ನಿಯಮ (ತಮ್ಮ ಅರ್ಧದಿಂದಲೇ ಪಕ್ಕನ್ನು ಎದುರಾಳಿಯ ಗೋಲ್ ಗೆರೆಯಾಚೆ ಹೊಡೆದುಬಿಟ್ಟರೆ ಆಟ ನಿಲ್ಲಿಸುವುದು) ಇಲ್ಲಿಲ್ಲ, ಮೈಗೆ ಮೈ ಡಿಕ್ಕಿ ಹೊಡೆಯುವ ಚೆಕಿಂಗ್‌ಗೂ ಅವಕಾಶವಿಲ್ಲ. ಆಟ ಬಿಡುವಿಲ್ಲದೆ ಓಡುತ್ತದೆ. ಕ್ವಾಡ್ ಆಗಲಿ ಇನ್‌ಲೈನ್ ಆಗಲಿ, ಎರಡೂ ರೋಲರ್ ಸ್ಕೇಟಿಂಗ್ ಫೆಡರೇಷನ್ ಆಫ್ ಇಂಡಿಯಾದ ಅಡಿಯಲ್ಲೇ ಬರುತ್ತವೆ. ರಾಜ್ಯ ಮಟ್ಟ, ರಾಷ್ಟ್ರೀಯ ಮಟ್ಟ ಅಂತ ಮುಂದಿನ ಮೆಟ್ಟಿಲು ಮಗುವಿಗೆ ಕಣ್ಣಮುಂದೆ ಕಾಣುತ್ತದೆ. ಬೆಳಗ್ಗೆ ಐದೂವರೆಗೆ ಏಳಿಸಬೇಕಾದರೆ ಇದು ಎಷ್ಟು ಮುಖ್ಯ ಅಂತ ಅಪ್ಪ ಅಮ್ಮಂದಿರಿಗೆ ಗೊತ್ತಿರುತ್ತದೆ, ಅಲ್ವಾ?

ಇನ್‌ಲೈನ್ ಶೂ ಕೊಳ್ಳುವಾಗ ಚಕ್ರದ ಗಡಸುತನ ನೋಡಿ. 74ಎ, 76ಎ ಅಂತ ಬರೆದಿರುವುದು ಒಳಾಂಗಣದ ನುಣುಪು ನೆಲಕ್ಕೆ. ನಮ್ಮ ಕಾಂಕ್ರೀಟ್ ರಿಂಕ್‌ನಲ್ಲಿ ಅವು ಬೇಗ ಸವೆದು ಹೋಗುತ್ತವೆ. 80ಕ್ಕಿಂತ ಮೇಲಿನದು ತಗೊಳ್ಳಿ. ಸ್ಟಿಕ್ ವಿಷಯವೂ ಅಷ್ಟೇ. ಫೀಲ್ಡ್ ಹಾಕಿಯಲ್ಲಿ ಎಡಗೈ ಮೇಲೆ, ಬಲಗೈ ಕೆಳಗೆ, ಎಲ್ಲರಿಗೂ ಒಂದೇ ಬಗೆಯ ಸ್ಟಿಕ್. ಕೊಡಗಿನ ನಂಟಿರುವ ಮನೆಗಳ ಮಕ್ಕಳಿಗೆ ಈ ಹಿಡಿತ ಮೈಗೇ ಬಂದಿರುತ್ತದೆ. ಐಸ್ ಹಾಕಿಯಲ್ಲಿ ಎಡದ್ದು, ಬಲದ್ದು ಅಂತ ಬೇರೆ ಬೇರೆ ಸ್ಟಿಕ್ ಇವೆ. ಕೆನಡಾದಲ್ಲಿ ಬಲಗೈ ಬಳಸುವ ಎಷ್ಟೋ ಮಕ್ಕಳು ಬಲಗೈಯನ್ನು ಮೇಲೆ ಹಿಡಿದು ಎಡಗಡೆಯಿಂದ ಹೊಡೆಯುತ್ತಾರೆ. ಮೇಲಿನ ಕೈ ಸ್ಟಿಕ್ಕನ್ನು ತಿರುಗಿಸುತ್ತದೆ, ಅದಕ್ಕೆ ಚುರುಕಾದ ಕೈ ಅಲ್ಲಿರಲಿ ಅಂತ. ಅಂಗಡಿಯವರು ಕೊಟ್ಟಿದ್ದನ್ನು ತರುವ ಮೊದಲು ಮಗುವಿನ ಕೈಗೆ ಎರಡನ್ನೂ ಕೊಟ್ಟು ನೋಡಿ.

ಮಾಲಿನಲ್ಲಿ ಪ್ಲಾಸ್ಟಿಕ್ ಹಲಗೆ ಜೋಡಿಸಿದ ಸಿಂಥೆಟಿಕ್ ಐಸ್ ಮೇಲೂ ಆಡಿಸಿದ್ದೇವೆ. ಶಾಟ್ ಅಭ್ಯಾಸಕ್ಕೆ ಪರವಾಗಿಲ್ಲ. ಸ್ಕೇಟಿಂಗ್ ಕಲಿಯಲು ಬೇಡ. ಬ್ಲೇಡ್ ಜಾರುವುದು ಕಡಿಮೆ, ಹರಿತವೂ ಬೇಗ ಹೋಗುತ್ತದೆ.

ನಿಜವಾದ ಐಸ್ ಸಿಕ್ಕಿದ್ದು ಗುರುಗ್ರಾಮದಲ್ಲಿ, ಆಂಬಿಯನ್ಸ್ ಮಾಲ್‌ನ ಐಸ್ಕೇಟ್ ರಿಂಕ್‌ನಲ್ಲಿ. ಅಂತಾರಾಷ್ಟ್ರೀಯ ಅಳತೆಯ ರಿಂಕ್ ಅಂದರೆ 60 ಮೀಟರ್ ಉದ್ದ, 26ರಿಂದ 30 ಮೀಟರ್ ಅಗಲ. ಇದು ಅದಕ್ಕಿಂತ ಚಿಕ್ಕದು. ಆದರೆ ಬಿರು ಬೇಸಿಗೆಯಲ್ಲೂ ಐಸ್ ಇರುತ್ತದೆ. ನಿಲ್ಲುವುದನ್ನು ಕಲಿಯಲು ಅಲ್ಲಿಗೆ ಹೋಗಲೇಬೇಕು ಅಂತ ನನಗೆ ಅರ್ಥವಾಗಿದ್ದು ಮಗನನ್ನು ನೋಡಿ. ಇನ್‌ಲೈನ್‌ನಲ್ಲಿ ಅವನು ಹಿಂದಿನ ಕಾಲನ್ನು ಅಡ್ಡ ಎಳೆದು ನಿಲ್ಲುತ್ತಿದ್ದ. ಚಕ್ರ ನೆಲವನ್ನು ಹಿಡಿಯುತ್ತದೆ, ಪಕ್ಕಕ್ಕೆ ಜಾರುವುದಿಲ್ಲ. ಐಸ್ ಮೇಲೆ ಎರಡೂ ಪಾದವನ್ನು ಒಟ್ಟಿಗೆ ಅಡ್ಡ ತಿರುಗಿಸಿ, ಮಂಡಿ ಬಗ್ಗಿಸಿ, ಬ್ಲೇಡ್‌ನ ಅಂಚಿನಿಂದ ಐಸನ್ನು ಕೆರೆದು ನಿಲ್ಲಬೇಕು. "ಅಮ್ಮಾ, ಕಾಲು ನನ್ನ ಮಾತೇ ಕೇಳ್ತಿಲ್ಲ" ಅಂದ. ಬಿದ್ದ, ಎದ್ದ, ಗೋಡೆಗೆ ಹೋಗಿ ಗುದ್ದಿದ. ಅಂಚು ಹಿಡಿದ ದಿನ ಅವನ ಶೂ ಪಕ್ಕದಲ್ಲಿ ತುರಿದ ಕೊಬ್ಬರಿಯ ಹಾಗೆ ಐಸ್ ಪುಡಿ ರಾಶಿ ಬಿದ್ದಿತ್ತು. ಎಡಕ್ಕೆ ತಿರುಗಿ ನಿಲ್ಲುವುದು ಬೇಗ ಬಂತು. ಬಲಕ್ಕೆ ಇನ್ನೂ ತಡವರಿಸುತ್ತಾನೆ. ಬೆಂಗಳೂರಿನಲ್ಲಿ ಎಷ್ಟು ಚಕ್ರ ಸವೆಸಿದರೂ ಇದು ಬರುವುದಿಲ್ಲ.

ತೊಂದರೆ ಖರ್ಚಿನದು. ವಿಮಾನ, ರೂಮು, ಐಸ್ ಮೇಲಿನ ಗಂಟೆಯ ಬಾಡಿಗೆ, ಕೋಚ್ ಶುಲ್ಕ. ನಮಗೆ ಇದು ಶಾಲೆಯ ರಜೆಯಲ್ಲಿ ಮಾತ್ರ ಆಗುವ ಮಾತು. ಡೆಹ್ರಾಡೂನ್‌ನಲ್ಲೂ ಒಂದು ರಿಂಕ್ ಇದೆ. 2011ರ ಸೌತ್ ಏಷ್ಯನ್ ವಿಂಟರ್ ಗೇಮ್ಸ್‌ಗೆಂದು ಅಂತಾರಾಷ್ಟ್ರೀಯ ಅಳತೆಯಲ್ಲಿ ಕಟ್ಟಿದ್ದು. ವರ್ಷಗಟ್ಟಲೆ ಬಾಗಿಲು ಹಾಕಿದ್ದು 2025ರಲ್ಲಿ ಮತ್ತೆ ತೆರೆಯಿತು. ನಾವಿನ್ನೂ ಅಲ್ಲಿ ಆಡಿಲ್ಲ.

ಲೇಹ್‌ನದು ಬೇರೆಯೇ ಲೆಕ್ಕ. ಗುರುಗ್ರಾಮದಲ್ಲಿ ಸ್ಕೇಟಿಂಗ್ ಕಲಿತರೆ ಇಲ್ಲಿ ಹಾಕಿ ಕಲಿಯುತ್ತಾರೆ. ಊರು ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಇಳಿದ ತಕ್ಷಣ ಮಕ್ಕಳನ್ನು ಐಸ್‌ಗೆ ಇಳಿಸಬೇಡಿ. ಮೊದಲ ಒಂದೆರಡು ದಿನ ಸುಮ್ನೆ ಮಲಗಿಸಿ, ನೀರು ಕುಡಿಸಿ. ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಕೆರೆ ಕುಂಟೆಗಳೆಲ್ಲ ಹೆಪ್ಪುಗಟ್ಟುತ್ತವೆ. ರಾತ್ರಿ ಮೇಲೆ ನೀರು ಹಾಯಿಸಿ ಬಿಟ್ಟರೆ ಬೆಳಗ್ಗೆ ಹೊಸ ಪದರ ಸಿದ್ಧ. ಕಾರ್ಜೂ ಕೆರೆಯ ಹತ್ತಿರ ನಿಂತರೆ ಶಾಲೆ ಮಕ್ಕಳು ಆಡುವುದು ಕಾಣುತ್ತದೆ. ಪಟ್ಟಣದ ಎನ್‌ಡಿಎಸ್ ಕ್ರೀಡಾಂಗಣದಲ್ಲಿ ಈಗ ಕೃತಕ ಐಸ್ ರಿಂಕ್ ಕೂಡ ಇದೆ. ಖೇಲೋ ಇಂಡಿಯಾ ವಿಂಟರ್ ಗೇಮ್ಸ್‌ನ ಐಸ್ ಹಾಕಿ ನಡೆಯುವುದೂ ಲೇಹ್‌ನಲ್ಲೇ.

ಅಲ್ಲಿನ ಮಕ್ಕಳ ಎದುರು ಆಡುವುದೇ ಪಾಠ. ನನ್ನ ಮಗಳಿಗಿಂತ ಗಿಡ್ಡ ಇರುವ ಹುಡುಗಿಯರು ತಲೆ ಬಗ್ಗಿಸದೆ ಪಕ್ ಒಯ್ಯುತ್ತಾರೆ. ಮೊದಮೊದಲು ಮಗಳಿಗೆ ಪಕ್ ಮುಟ್ಟಲೂ ಸಿಗಲಿಲ್ಲ. ಆಮೇಲಾಮೇಲೆ ಗೋಲ್ ಮುಂದಿನ ಜಾಗ ಬಿಟ್ಟುಕೊಡದೆ ನಿಲ್ಲುವುದನ್ನು ಅವರನ್ನು ನೋಡಿಯೇ ಕಲಿತಳು. ಒಂದು ಸೂಕ್ಷ್ಮ: ಚಳಿ ಹೆಚ್ಚಾದಷ್ಟೂ ಐಸ್ ಗಟ್ಟಿಯಾಗುತ್ತದೆ, ಬ್ಲೇಡ್ ಕಚ್ಚುವುದು ಕಡಿಮೆಯಾಗುತ್ತದೆ. ಗುರುಗ್ರಾಮದಲ್ಲಿ ಸಾಕಾಗುವ ಹರಿತ ಇಲ್ಲಿ ಸಾಲದು. ಬೆಂಗಳೂರಿನಲ್ಲಿ ಹಾಕಿ ಬ್ಲೇಡ್ ಸರಿಯಾಗಿ ಹರಿತ ಮಾಡಿಕೊಡುವವರು ನಮಗೆ ಸಿಗಲಿಲ್ಲ. ಹೋಗುವ ದಾರಿಯಲ್ಲಿ ದೆಹಲಿ ಕಡೆ ಮಾಡಿಸಿಕೊಳ್ಳುತ್ತೇವೆ. ಲೇಹ್‌ನ ಕೊರತೆ ಅಂದರೆ ಹವಾಮಾನ. ಬಿಸಿಲು ಜೋರಾದರೆ ಮಧ್ಯಾಹ್ನದ ಆಟ ಹೋಯಿತು ಅಂತಲೇ ಲೆಕ್ಕ.

ಇನ್ನು ಕೆನಡಾ. ನನ್ನ ತಮ್ಮ ಮಿಸಿಸಾಗಾದಲ್ಲಿದ್ದಾನೆ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಅಲ್ಲಿನ ಕ್ಯಾಂಪ್‌ಗೆ ಸೇರಿಸಿದ್ದೆವು. ಸೌಲಭ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಮಗನ ವಯಸ್ಸಿನ ಹುಡುಗರು ನಾಲ್ಕೈದು ವರ್ಷದವರಿದ್ದಾಗಲೇ ಐಸ್‌ಗೆ ಇಳಿದವರು. ಅಲ್ಲಿ ಹೌಸ್ ಲೀಗ್‌ಗೆ ಯಾರು ಬೇಕಾದರೂ ಸೇರಬಹುದು, ಎಲ್ಲರಿಗೂ ಆಡಲು ಸಿಗುತ್ತದೆ. ಅದರ ಮೇಲೆ ಆಯ್ಕೆಯಾಗಿ ಹೋಗುವ ಎ, ಡಬಲ್ ಎ, ಟ್ರಿಪಲ್ ಎ ತಂಡಗಳು. ಒಂಟಾರಿಯೊ ಹಾಕಿ ಲೀಗ್ 15-16ರ ಹುಡುಗರನ್ನು ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿ) ಆರಿಸುವುದು ಹೆಚ್ಚಾಗಿ ಟ್ರಿಪಲ್ ಎ ಮಟ್ಟದಿಂದ. ಈ ಒಂಟಾರಿಯೊ ಲೀಗ್, ಪಶ್ಚಿಮದ ಡಬ್ಲ್ಯುಎಚ್‌ಎಲ್, ಕ್ಯೂಬೆಕ್ ಕಡೆಯ ಲೀಗ್, ಈ ಮೂರೂ ಜೂನಿಯರ್ ಲೀಗ್ ಸೇರಿದ ಒಕ್ಕೂಟವೇ ಸಿಎಚ್‌ಎಲ್. 16ರಿಂದ 20ರ ಹುಡುಗರ ಆಟ. ಅಮೆರಿಕದಲ್ಲಿ ಇದೇ ಮಟ್ಟಕ್ಕೆ ಯುಎಸ್‌ಎಚ್‌ಎಲ್ ಇದೆ, ಅಲ್ಲಿಂದ ಕಾಲೇಜು ಹಾಕಿ.

ಒಂದು ಹಳೆಯ ಸಲಹೆ ಈಗ ನಡೆಯುವುದಿಲ್ಲ. ಸಿಎಚ್‌ಎಲ್‌ನಲ್ಲಿ ಆಡಿದರೆ ಅಮೆರಿಕದ ಎನ್‌ಸಿಎಎ ಕಾಲೇಜು ತಂಡದ ಬಾಗಿಲು ಮುಚ್ಚಿತು ಅನ್ನುತ್ತಿದ್ದರು. ಅದು ನಿಜವೂ ಆಗಿತ್ತು. 2024ರ ನವೆಂಬರ್‌ನಲ್ಲಿ ನಿಯಮ ಬದಲಿಸಿದರು, 2025ರ ಆಗಸ್ಟ್‌ನಿಂದ ಜಾರಿಗೆ ಬಂತು. ಈಗ ಜೂನಿಯರ್ ಆಡಿ ಕಾಲೇಜಿಗೂ ಹೋಗಬಹುದು. ಹಳೆಯ ಲೆಕ್ಕ ಹಿಡಿದು ಯಾರಾದರೂ ಹೆದರಿಸಿದರೆ ಕೇಳಬೇಡಿ.

ಹಾಗೆಯೇ "ದುಡ್ಡು ಕಟ್ಟಿ, ಜೂನಿಯರ್ ತಂಡದಲ್ಲಿ ಜಾಗ ಕೊಡಿಸುತ್ತೇವೆ" ಅನ್ನುವವರನ್ನೂ ನಂಬಬೇಡಿ. ನಮಗೂ ಒಬ್ಬರು ಫೋನ್ ಮಾಡಿದ್ದರು. ಮಗನ ಆಟವನ್ನು ಒಮ್ಮೆಯೂ ನೋಡಿರಲಿಲ್ಲ. ಸಿಎಚ್‌ಎಲ್ ತಂಡಗಳು ಆಟಗಾರರ ಊಟ, ವಸತಿ ತಾವೇ ನೋಡಿಕೊಳ್ಳುತ್ತವೆ. ಕೆಳಗಿನ ಹಂತದ ಎಷ್ಟೋ ಲೀಗ್‌ಗಳಲ್ಲಿ ಮನೆಯವರೇ ಕಟ್ಟಬೇಕು. ಯಾವ ಹಂತ, ಖರ್ಚು ಯಾರದು, ಈ ಎರಡು ಕೇಳಿದರೆ ಅರ್ಧ ವಿಷಯ ಗೊತ್ತಾಗುತ್ತದೆ.

ಭಾರತೀಯ ಮೂಲದ ಹುಡುಗರು ಅಲ್ಲಿ ಮೇಲೆ ಬಂದಿಲ್ಲ ಅಂತಲ್ಲ. ಬ್ರಿಟಿಷ್ ಕೊಲಂಬಿಯಾದ ಸರ್ರೇಯವರಾದ ಅರ್ಶ್‌ದೀಪ್ ಬೈನ್ಸ್ ಅವರನ್ನು ಎನ್‌ಎಚ್‌ಎಲ್ (ಅಲ್ಲಿನ ಅತಿ ದೊಡ್ಡ ವೃತ್ತಿಪರ ಲೀಗ್) ಡ್ರಾಫ್ಟ್‌ನಲ್ಲಿ ಯಾರೂ ಆರಿಸಲಿಲ್ಲ. 2021-22ರಲ್ಲಿ ಅವರು ಡಬ್ಲ್ಯುಎಚ್‌ಎಲ್‌ನಲ್ಲೇ ಅತಿ ಹೆಚ್ಚು ಅಂಕ ಗಳಿಸಿದರು. 2024ರಲ್ಲಿ ವ್ಯಾಂಕೂವರ್ ಕನಕ್ಸ್ ಪರ ಎನ್‌ಎಚ್‌ಎಲ್‌ಗೆ ಕಾಲಿಟ್ಟರು. ಆದರೆ ಅವರು ಅಲ್ಲೇ ಬೆಳೆದವರು. ನನ್ನ ಮಗನಿಗೆ ಆ ದಾರಿ ತೋರಿಸಿ ಆಸೆ ಹುಟ್ಟಿಸುವುದು ನನಗೆ ಸರಿ ಕಾಣುವುದಿಲ್ಲ. ಅವನು ಇನ್‌ಲೈನ್‌ನಲ್ಲಿ ರಾಜ್ಯ ತಂಡಕ್ಕೆ ಪ್ರಯತ್ನಿಸಲಿ, ಚಳಿಗಾಲದಲ್ಲಿ ಐಸ್ ಆಡಲಿ. ಮುಂದೆ ಕೆನಡಾದಲ್ಲಿ ಓದಲು ಹೋದರೆ ಅಲ್ಲಿನ ಯಾವುದಾದರೂ ಲೀಗ್‌ನಲ್ಲಿ ಸಂತೋಷವಾಗಿ ಆಡುತ್ತಾನೆ.

ಮಗಳ ವಿಷಯದಲ್ಲಿ ನನಗೆ ಭರವಸೆ ಜಾಸ್ತಿ. ಸಿಎಚ್‌ಎಲ್ ಹುಡುಗರ ದಾರಿ. ಹುಡುಗಿಯರದು ಕಾಲೇಜು ತಂಡಗಳ ಮೂಲಕ ಹೋಗುತ್ತದೆ, ಅದರಾಚೆ 2024ರ ಜನವರಿಯಲ್ಲಿ ಶುರುವಾದ ಮಹಿಳೆಯರ ವೃತ್ತಿಪರ ಲೀಗ್ ಪಿಡಬ್ಲ್ಯುಎಚ್‌ಎಲ್ ಇದೆ. ಅಷ್ಟು ದೂರ ಯಾಕೆ, ನಮ್ಮ ದೇಶದ ಮಹಿಳಾ ತಂಡ ಮೊದಲ ಅಂತಾರಾಷ್ಟ್ರೀಯ ಟೂರ್ನಿ ಆಡಿದ್ದೇ 2016ರಲ್ಲಿ. 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ಏಷ್ಯಾ ಕಪ್ ಕಂಚು ಗೆದ್ದರು. ತಂಡದಲ್ಲಿ ಹೆಚ್ಚಿನವರು ಲಡಾಖ್‌ನವರು. ಅವರು ಬೆಳೆದ ಐಸ್ ಮೇಲೆಯೇ, ಅವರ ಊರಿನ ಹುಡುಗಿಯರ ಜೊತೆಯೇ ನನ್ನ ಮಗಳು ಆಡುತ್ತಿದ್ದಾಳೆ. ಈ ಸಲ ಬೇಸಿಗೆಯ ಕೆನಡಾ ಕ್ಯಾಂಪ್ ಬಿಟ್ಟು, ಆ ದುಡ್ಡನ್ನು ಲೇಹ್‌ನಲ್ಲಿ ಇನ್ನಷ್ಟು ದಿನ ಉಳಿಯಲು ಎತ್ತಿಟ್ಟಿದ್ದೇವೆ.