ಆನ್‌ಲೈನ್ ಲರ್ನಿಂಗ್ ಸೈನ್ಸಸ್ ಎಂ.ಎಸ್.: ಮುಗಿಸಿದವಳ ಮಾತು

ಸಿಲಬಸ್, ಕ್ರೆಡಿಟ್ ಎಲ್ಲ ಬ್ರೋಷರ್‌ನಲ್ಲೇ ಇದೆ, ಮತ್ತೆ ಇಲ್ಲಿ ಬರೆಯುವುದಿಲ್ಲ. ನಾನು ಮೈಸೂರಿನ ಒಂದು ಖಾಸಗಿ ಶಾಲೆಯಲ್ಲಿ ಗಣಿತದ ಮಿಸ್. ಲರ್ನಿಂಗ್ ಸೈನ್ಸಸ್ ಅಂದರೆ ಜನ ಹೇಗೆ ಕಲಿಯುತ್ತಾರೆ ಅನ್ನುವುದರ ಅಧ್ಯಯನ. ಅಮೆರಿಕದ ಪೂರ್ವ ಭಾಗದ ಒಂದು ಯೂನಿವರ್ಸಿಟಿಯ ಈ ಪಾರ್ಟ್ ಟೈಮ್ ಕೋರ್ಸಿಗೆ 2023ರಲ್ಲಿ ಸೇರಿ, 2025ರ ಕೊನೆಗೆ ಮುಗಿಸಿದೆ.

ಅಲ್ಲಿ ರಾತ್ರಿ ಎಂಟಕ್ಕೆ ಲೈವ್ ಕ್ಲಾಸು ಅಂದರೆ ನಮಗೆ ಬೆಳಗಿನ ಐದೂವರೆ. ಎಲ್ಲರೂ ಹೆದರಿಸಿದ್ದರು, ನನಗೆ ಇದೇ ಇಷ್ಟವಾಯಿತು. ರಾತ್ರಿಯೇ ಡಿಕಾಕ್ಷನ್ ಇಳಿಸಿಟ್ಟು ಮಲಗುತ್ತಿದ್ದೆ. ಬೆಳಿಗ್ಗೆ ಹಾಲು ಕಾಯಿಸಿ, ಲೋಟ ಹಿಡಿದು ಲ್ಯಾಪ್‌ಟಾಪ್ ಮುಂದೆ ಕೂತರೆ ಮನೆಯಲ್ಲಿ ಇನ್ನೂ ಒಬ್ಬರೂ ಎದ್ದಿರುತ್ತಿರಲಿಲ್ಲ. ಕ್ಲಾಸು ಮುಗಿದ ಮೇಲೆ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ, ನೋಟ್ಸ್ ನೋಡದೆ, ಅವತ್ತು ಕೇಳಿದ್ದನ್ನೆಲ್ಲಾ ಬರೆಯುತ್ತಿದ್ದೆ. ಇದು ಕೋರ್ಸಿನಲ್ಲೇ ಸಿಕ್ಕಿದ ಅಭ್ಯಾಸ. ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಮನಶ್ಶಾಸ್ತ್ರಜ್ಞರ, 2006ರಲ್ಲಿ ಪ್ರಕಟವಾದ ಒಂದು ಪ್ರಯೋಗ ಓದಿಸಿದ್ದರು. ಒಂದು ಗುಂಪು ಪಾಠವನ್ನು ಮತ್ತೆ ಓದಿತು, ಇನ್ನೊಂದು ಪುಟ ಮುಚ್ಚಿಟ್ಟು ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಓದಿದವರೇ ಮುಂದು. ವಾರ ಕಳೆದಾಗ ಓದಿದವರಿಗೆ ನೆನಪಿದ್ದದ್ದು ಶೇ. 42, ಬರೆದವರಿಗೆ ಶೇ. 56. ಆ ಕ್ಯಾಲೆಂಡರ್ ಹಾಳೆಗಳ ಕಟ್ಟು ಇವತ್ತಿಗೂ ಬೀರುವಿನಲ್ಲಿದೆ.

ನವೆಂಬರ್ ಬಂದರೆ ಈ ಸುಖ ಮುಗಿಯುತ್ತದೆ. ಮೊದಲ ಭಾನುವಾರ ಅಮೆರಿಕದವರು ಗಡಿಯಾರ ಒಂದು ಗಂಟೆ ಹಿಂದೆ ಇಡುತ್ತಾರೆ. ಅಲ್ಲಿಂದ ಮಾರ್ಚ್‌ವರೆಗೆ ನಮಗೆ ಆರೂವರೆಗೆ ಕ್ಲಾಸು. ಆರೂವರೆ ಅಂದರೆ ಮಗಳ ಜಡೆ, ಟಿಫಿನ್ ಬಾಕ್ಸ್, ಸ್ಕೂಲ್ ವ್ಯಾನು. ಕ್ಯಾಮೆರಾ ಆನ್ ಇರಲೇಬೇಕು ಅನ್ನೋ ರೂಲ್ ಬೇರೆ. ಒಮ್ಮೆ ಚಿತ್ರಾನ್ನದ ಒಗ್ಗರಣೆ ಸದ್ದು ಕೇಳಿ, ನಿಮ್ಮಲ್ಲಿ ಮಳೆಯಾ ಅಂತ ಒಬ್ಬರು ಕೇಳಿದರು. ಹೌದು ಅಂದುಬಿಟ್ಟೆ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಫೀಸು ಸೆಮಿಸ್ಟರಿಗೊಮ್ಮೆ, ಡಾಲರಿನಲ್ಲಿ. ಸೇರುವಾಗ ಡಾಲರಿಗೆ 83 ರೂಪಾಯಿಯ ಆಸುಪಾಸು ಇತ್ತು, ಕೊನೆಯ ಕಂತಿನ ಹೊತ್ತಿಗೆ 88ರ ಹತ್ತಿರ. ಚೀಟಿ ಎತ್ತಿದ ದುಡ್ಡಿನಲ್ಲಿ ಹೇಗೋ ಸರಿದೂಗಿಸಿದೆ. ಇದು ಬಿ.ಎಡ್. ಬದಲಿಗೆ ನಡೆಯುವುದಿಲ್ಲ, ಸರ್ಕಾರಿ ನೌಕರಿ ಮನಸ್ಸಿನಲ್ಲಿದ್ದರೆ ಮಾನ್ಯತೆ ಬಗ್ಗೆ ಮೊದಲೇ ವಿಚಾರಿಸಿ. ಸಂಬಳ ಜಾಸ್ತಿ ಆಗುತ್ತೆ ಅಂತಲೂ ಸೇರಬೇಡಿ. ನಮ್ಮಲ್ಲಿ ಶಾಲು ಹೊದಿಸಿ ಕಳಿಸಿದರು.

ನನ್ನ ದೊಡ್ಡ ತಕರಾರು ಬೇರೆಯೇ ಇದೆ. ಈ ಕೋರ್ಸಿನಲ್ಲಿ ಫೀಡ್‌ಬ್ಯಾಕ್ ಬಗ್ಗೆಯೇ ವಾರಗಟ್ಟಲೆ ಪಾಠ. ಮಗುವಿಗೆ ತಾನೇನು ಮಾಡಿದೆ ಅಂತ ಇನ್ನೂ ನೆನಪಿರುವಾಗಲೇ ಹೇಳಬೇಕು. ಎಲ್ಲಿ ಎಡವಿದೆ, ಮುಂದೆ ಏನು ಮಾಡಬೇಕು, ಎರಡೂ ತಿಳಿಯುವ ಹಾಗೆ ಹೇಳಬೇಕು. ಸರಿ. ಇದನ್ನೇ ಕಲಿಸಿದ ಪೇಪರ್‌ನಲ್ಲಿ ನನ್ನ ಮೊದಲ ಅಸೈನ್‌ಮೆಂಟ್ ವಾಪಸ್ ಬಂದಿದ್ದು ಎರಡನೆಯದನ್ನು ಕೊಟ್ಟಾದ ಮೇಲೆ. ಅದರ ಮೇಲೆ ‘ಗುಡ್, ಇನ್ನೂ ವಿಸ್ತರಿಸಿ’ ಅಂತ ಒಂದೇ ಸಾಲು. ಯಾವುದನ್ನು ವಿಸ್ತರಿಸಲಿ? ಕೋರ್ಸಿನ ಆಫೀಸಿಗೆ ಮೇಲ್ ಹಾಕಿದರೆ ‘ನಿಮ್ಮ ಸಂದೇಶ ತಲುಪಿದೆ’ ಅನ್ನುವ ಯಂತ್ರದ ಉತ್ತರ. ನಾನು ಮೂರು ಸೆಕ್ಷನ್ನಿನ ಟೆಸ್ಟ್ ಪೇಪರನ್ನು ಭಾನುವಾರ ಕೂತು ತಿದ್ದಿ ಸೋಮವಾರ ಕೊಡುವವಳು. ಮೈ ಉರಿಯದೆ ಇರುತ್ತಾ? ಬಿಟ್ಟುಬಿಡೋಣ ಅಂತಲೇ ಇದ್ದೆ.

ಅಷ್ಟರಲ್ಲಿ ಗಣಿತ ಕಲಿಕೆಯ ಪೇಪರ್ ಬಂತು. ಸ್ಟಾನ್ಲಿ ಎರ್ಲ್‌ವಾಂಗರ್ 1973ರಲ್ಲಿ ಬರೆದ ಒಂದು ಅಧ್ಯಯನ ಕೊಟ್ಟರು. ಬೆನ್ನಿ ಅನ್ನುವ ಆರನೇ ಕ್ಲಾಸಿನ ಹುಡುಗ ಟೆಸ್ಟುಗಳನ್ನು ಪಾಸು ಮಾಡುತ್ತಾ ಮುಂದೆ ಹೋಗುತ್ತಲೇ ಇದ್ದಾನೆ. ಕೂರಿಸಿ ಮಾತಾಡಿಸಿದರೆ 2/10ಕ್ಕೆ 1.2 ಅನ್ನುತ್ತಾನೆ, 5/10ಕ್ಕೆ 1.5. ಮೇಲಿನದು, ಕೆಳಗಿನದು ಎರಡನ್ನೂ ಕೂಡಿಸಿ ಒಂದು ಚುಕ್ಕಿ ಇಡುವುದು ಅವನ ನಿಯಮ!

ನೀವೂ ಒಂದು ಮಗುವನ್ನು ಹೀಗೆ ಕೇಳಿಸಿಕೊಳ್ಳಿ ಅಂತ ಅಸೈನ್‌ಮೆಂಟ್. ತಿದ್ದಬಾರದು, ಮಧ್ಯೆ ಬಾಯಿ ಹಾಕಬಾರದು. ರೆಕಾರ್ಡ್ ಮಾಡಿ, ಮಗು ತಡೆದ ಜಾಗವನ್ನೂ ಬಿಡದೆ ಪ್ರತಿ ಮಾತನ್ನು ಬರೆಯಬೇಕು. ಮನೆಯವರ ಒಪ್ಪಿಗೆ ಪಡೆದು ಏಳನೇ ಕ್ಲಾಸಿನ ಒಬ್ಬ ಹುಡುಗನನ್ನು ಊಟದ ಬೆಲ್ ಆದ ಮೇಲೆ ಕೂರಿಸಿಕೊಂಡೆ. 1/2 + 1/3 ಎಷ್ಟು? 2/5 ಅಂತ ಬರೆದ. ಈ ತಪ್ಪಿಗೆ ಎಷ್ಟು ವರ್ಷದಿಂದ ಕೆಂಪು ಗೀಟು ಎಳೆದಿದ್ದೇನೋ! ಈ ಸಲ ಸುಮ್ನೆ ‘ಹೇಗೆ ಮಾಡಿದೆ, ಹೇಳೋ’ ಅಂದೆ.

‘ಮಿಸ್, ಎರಡು ಬಾಲಲ್ಲಿ ಒಂದು ಸಿಕ್ಸ್. ಆಮೇಲೆ ಮೂರು ಬಾಲಲ್ಲಿ ಒಂದು ಸಿಕ್ಸ್. ಒಟ್ಟು ಐದು ಬಾಲಲ್ಲಿ ಎರಡು. ಸರಿ ಅಲ್ವಾ?’

ಸರಿಯೇ. ಕ್ರಿಕೆಟ್ಟಿಗೆ ಅದು ನೂರಕ್ಕೆ ನೂರು ಸರಿ. ನನ್ನ ಬಾಯಿ ಕಟ್ಟಿಹೋಯಿತು. ರೆಕಾರ್ಡಿಂಗ್ ನಿಲ್ಲಿಸಿದ ಮೇಲೆ ಕೇಳಿದೆ: ‘ಅರ್ಧ ಹೋಳಿಗೆ ತಿಂದೆ, ಆಮೇಲೆ ಅದೇ ಹೋಳಿಗೆಯಲ್ಲಿ ಮೂರನೇ ಒಂದು ಭಾಗ ತಿಂದೆ. ಒಟ್ಟು ಐದರಲ್ಲಿ ಎರಡು ಭಾಗ, ಅಂದರೆ ಅರ್ಧಕ್ಕಿಂತ ಕಮ್ಮಿ. ಅಷ್ಟೇನಾ ತಿಂದಿದ್ದು?’ ಹುಡುಗ ಚಾವಣಿ ನೋಡಿದ, ಬೆರಳು ಮಡಚಿದ, ಆಮೇಲೆ ನಕ್ಕ. ‘ಹೋಳಿಗೆ ಒಂದೇ ಮಿಸ್. ಅಲ್ಲಿ ಬಾಲು ಬೇರೆ ಬೇರೆ.’ ಪೂರ್ಣ ಒಂದೇ ಇರಬೇಕು ಅಂತ ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದುದನ್ನು ಅವನು ತನ್ನ ಮಾತಿನಲ್ಲೇ ಹೇಳಿದ್ದ.

ಆ ರೆಕಾರ್ಡಿಂಗ್ ಬರೆದುಕೊಳ್ಳಲು ಒಂದಿಡೀ ಶನಿವಾರ ಹೋಯಿತು. ಕೋರ್ಸು ಮುಗಿದರೂ ಊಟದ ನಂತರ ಒಂದೊಂದು ಮಗುವನ್ನು ಕೂರಿಸಿ ಕೇಳುವುದು ಬಿಟ್ಟಿಲ್ಲ. ಈಗ ತಪ್ಪು ಉತ್ತರ ಕಂಡರೆ ಕೆಂಪು ಪೆನ್ನಿಗೆ ಮುಂಚೆ ಮಗುವನ್ನು ಕರೆಯುತ್ತೇನೆ. ಪೋರ್ಷನ್ ಹಿಂದೆ ಬಿದ್ದಿದೆ, ಹೆಡ್ ಮಿಸ್ ಎರಡು ಸಲ ಹೇಳಿದ್ದಾರೆ.

ಹಾಗಾಗಿ ಈಗಾಗಲೇ ಪಾಠ ಮಾಡುತ್ತಿರುವವರಿಗೆ ಇದು ಸರಿ, ಕ್ಲಾಸ್‌ರೂಮ್ ಇಲ್ಲದವರಿಗೆ ಅಷ್ಟು ದುಡ್ಡು ದಂಡ. ಸೇರುವ ಮೊದಲು ಹಳೆಯ ವಿದ್ಯಾರ್ಥಿಗಳನ್ನು ಹುಡುಕಿ, ತಿದ್ದಿದ ಅಸೈನ್‌ಮೆಂಟ್ ಎಷ್ಟು ದಿನಕ್ಕೆ ಬರುತ್ತೆ ಅಂತ ಕೇಳಿ. ನನ್ನ ಕೊನೆಯ ಪ್ರಾಜೆಕ್ಟಿನ ಕಾಮೆಂಟ್ಸ್ ಇನ್ನೂ ಬಂದಿಲ್ಲ. ಡಿಗ್ರಿ ಸರ್ಟಿಫಿಕೇಟ್ ಆಗಲೇ ಕೊರಿಯರ್‌ನಲ್ಲಿ ಬಂತು.