ಹಳೆಯ ತೆರಿಗೆ ಪದ್ಧತಿಯೋ, ಹೊಸದೋ? ಕೊಡಗಿನ ಸಂಬಳದಾರರಿಗೆ

ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ವಿನಾಯಿತಿ ಹೆಚ್ಚು, ಹೊಸದರಲ್ಲಿ ದರ ಕಡಿಮೆ. 2025-26ರ ಹಣಕಾಸು ವರ್ಷದ ಲೆಕ್ಕ: ಸಂಬಳ 12 ಲಕ್ಷವಾದರೆ ಹೊಸ ಪದ್ಧತಿಯಲ್ಲಿ ತೆರಿಗೆ ಸೊನ್ನೆ, ಹಳೆಯದರಲ್ಲಿ 80ಸಿ (ಪಿಎಫ್, ವಿಮೆಯಂಥ ಉಳಿತಾಯಕ್ಕೆ ವಿನಾಯಿತಿ) ಅಡಿ 1.5 ಲಕ್ಷ ಪೂರ್ತಿ ತೋರಿಸಿದರೂ 1,17,000 ರೂಪಾಯಿ. ಇಲ್ಲಿ ಯೋಚಿಸುವುದೇ ಬೇಡ. 15 ಲಕ್ಷಕ್ಕೆ ಹೊಸದರಲ್ಲಿ 97,500. ಹಳೆಯದು ಅಗ್ಗವಾಗಬೇಕಾದರೆ ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದಾರರಿಗೆಲ್ಲ ತಾನಾಗಿ ಸಿಗುವ ಕಡಿತ) ಬಿಟ್ಟು ಸುಮಾರು 5.44 ಲಕ್ಷ ಮೀರಿದ ವಿನಾಯಿತಿ ಬೇಕು. ಮಡಿಕೇರಿ ಬಾಡಿಗೆಗೆ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ವಿನಾಯಿತಿಯ ಮಿತಿ ಮೂಲವೇತನದ 40% ಮಾತ್ರ.

ಆಯ್ಕೆ ತಿಳಿಸದಿದ್ದರೆ ಕಚೇರಿಯವರು ಹೊಸ ಪದ್ಧತಿಯಲ್ಲೇ ಟಿಡಿಎಸ್ (ಸಂಬಳದಲ್ಲೇ ಮುರಿಯುವ ತೆರಿಗೆ) ಹಿಡಿಯುತ್ತಾರೆ. ಗಡುವಿನೊಳಗೆ ರಿಟರ್ನ್ ಸಲ್ಲಿಸುವಾಗ ಬದಲಿಸಬಹುದು.

ತೋಟವೂ ಇದ್ದವರು ಎಡವುವುದು ಬೇರೆಡೆ. ಬೆಳೆದ ಕಾಫಿಯನ್ನು ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಸಂಸ್ಕರಣೆ) ಮಾಡಿ ಮಾರಿದರೆ ಲಾಭದ 25%, ಹುರಿದು ಪುಡಿ ಮಾಡಿ ಮಾರಿದರೆ 40% ತೆರಿಗೆಗೆ ಒಳಪಡುತ್ತದೆ. ಇದು ಕಚೇರಿಗೆ ಗೊತ್ತಿರುವುದಿಲ್ಲ, ಟಿಡಿಎಸ್ ಸಾಲದು. ಬಾಕಿ ತೆರಿಗೆ 10,000 ರೂಪಾಯಿ ಮುಟ್ಟಿದರೆ ವರ್ಷದೊಳಗೇ ಮುಂಗಡ ತೆರಿಗೆ ಕಟ್ಟಬೇಕು, ತಪ್ಪಿದರೆ ಬಡ್ಡಿ. ಇಂಥವರು ಹಳೆಯ ಪದ್ಧತಿ ಬಯಸಿದರೆ ಫಾರ್ಮ್ 10-ಐಇಎ ಕೂಡ ಸಲ್ಲಿಸಬೇಕು.