ಪಿಇಐ ಪುಡಿ: ಆರು ವರ್ಷ ಬಳಸಿದ ಮೇಲೆ

ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಜೀವಕೋಶಗಳೊಳಗೆ ಜೀನ್ ಕಳಿಸುವುದು ನನ್ನ ದಿನದ ಕೆಲಸ. ಆರು ವರ್ಷದಿಂದ ಅದಕ್ಕೆ ಜಾಸ್ತಿ ಬಳಸಿರುವುದು 25 ಕಿಲೋಡಾಲ್ಟನ್‌ (ಅಣುತೂಕದ ಅಳತೆ) ತೂಕದ, ನೇರ ಸರಪಳಿಯ (ಲೀನಿಯರ್) ಪಾಲಿಮರ್ ಪಾಲಿಎಥಿಲೀನ್‌ಇಮೈನ್. ನಮ್ಮ ಬಾಯಲ್ಲಿ ಪಿಇಐ.

ಡಿಎನ್‌ಎಯ ವಿದ್ಯುದಂಶ ನೆಗೆಟಿವ್, ಪಿಇಐಯದು ಪಾಸಿಟಿವ್. ಬೆರೆಸಿದ ಕೂಡಲೇ ಎರಡೂ ಅಂಟಿಕೊಂಡು ನ್ಯಾನೋ ಗಾತ್ರದ ಉಂಡೆಗಳಾಗುತ್ತವೆ. ಜೀವಕೋಶ ಆ ಉಂಡೆಯನ್ನು ಒಂದು ಪುಟ್ಟ ಚೀಲದಲ್ಲಿ ಒಳಗೆ ಎಳೆದುಕೊಳ್ಳುತ್ತದೆ. ಚೀಲ ಹುಳಿಯಾಗುತ್ತಾ ಹೋದಂತೆ ಪಿಇಐ ಆ ಹುಳಿಯನ್ನು ಹೀರುತ್ತದೆ, ನೀರು ನುಗ್ಗಿ ಚೀಲ ಒಡೆಯುತ್ತದೆ. ಫ್ರಾನ್ಸಿನ ಜಾಂ-ಪಾಲ್ ಬೇರ್ ಅವರ ತಂಡ 1995ರಲ್ಲಿ ಪಿಇಐ ಬಗ್ಗೆ ಬರೆದಾಗ ಹೇಳಿದ್ದು ಈ ಅರ್ಥದ ಮಾತು. ಒಡೆಯುವ ವಿಷಯದಲ್ಲಿ ಇವತ್ತಿಗೂ ವಾದ ಇದೆ. ಜೀನ್ ಒಳಗೆ ಹೋಗುತ್ತದೆ ಅನ್ನುವುದರಲ್ಲಿ ಇಲ್ಲ.

ಮೊದಲು ಖರ್ಚಿನ ಮಾತು. ಕೋಶ ಬೆಳೆಸುವ 10 ಸೆಂ.ಮೀ. ಪ್ಲೇಟ್‌ಗೆ ನಾನು 10 ಮೈಕ್ರೋಗ್ರಾಂ ಪ್ಲಾಸ್ಮಿಡ್ (ಜೀನ್ ಹೊತ್ತ ಉಂಗುರದಾಕಾರದ ಡಿಎನ್‌ಎ), 30 ಮೈಕ್ರೋಗ್ರಾಂ ಪಿಇಐ ಹಾಕುತ್ತೇನೆ. ಆ ಲೆಕ್ಕದಲ್ಲಿ 1 ಗ್ರಾಂ ಪುಡಿ 33,000 ಪ್ಲೇಟ್‌ಗೆ ಸಾಕು! ಇದೇ ಕೆಲಸಕ್ಕೆ ಕೊಂಡು ತರುವ ಲಿಪಿಡ್ (ಕೊಬ್ಬಿನ ಜಾತಿಯ) ಕಿಟ್ ಮುಗಿದಾಗಲೆಲ್ಲ ಆರ್ಡರ್ ಬರುವ ತನಕ ಕಾಯುತ್ತಿದ್ದ ಕಾಲ ನನಗೆ ಚೆನ್ನಾಗಿ ನೆನಪಿದೆ. ಚಿಕ್ಕ ಲ್ಯಾಬ್‌ಗಳಿಗೆ ಇದು ನಿಜವಾಗಿಯೂ ದೊಡ್ಡ ಸಹಾಯ.

ಆದರೆ ಪುಡಿ ಕರಗಿಸುವ ಕೆಲಸ ನಮ್ಮದೇ. 1 ಮಿಲಿ ನೀರಿಗೆ 1 ಮಿಲಿಗ್ರಾಂ, ಪಿಎಚ್ 7, ಆಮೇಲೆ 0.22 ಮೈಕ್ರಾನ್ ಫಿಲ್ಟರ್. ಫ್ರೀ ಬೇಸ್ (ಆಸಿಡ್ ಸೇರದ) ಪುಡಿ ತಣ್ಣೀರಲ್ಲಿ ಸುಲಭಕ್ಕೆ ಕರಗಲ್ಲ, ಬಿಸಿ ಮಾಡಬೇಕು ಇಲ್ಲವೇ ಆಸಿಡ್ ಹಾಕಬೇಕು. ನೀರಲ್ಲಿ ಸುಲಭಕ್ಕೆ ಕರಗುವ ಹೈಡ್ರೋಕ್ಲೋರೈಡ್ ರೂಪ ಸಿಕ್ಕರೆ ಅದನ್ನೇ ತೊಗೊಳ್ಳಿ. ಪ್ರತಿ ಹೊಸ ಸ್ಟಾಕ್‌ಗೂ ಡಿಎನ್‌ಎಗೆ ಪಿಇಐ 1:2, 1:3, 1:4 ಅನುಪಾತ ಮತ್ತೆ ನೋಡುತ್ತೇನೆ. ಸುಮ್ನೆ ಹಳೆಯದನ್ನೇ ನಂಬಿದಾಗ ಕೋಶಗಳಿಂದ ಮಾಡಿಸುವ ಲ್ಯಾಬ್ ವೈರಸ್‌ನ ಎರಡು ವಾರದ ಕೆಲಸ ಹಾಳಾಗಿದೆ.

ನನಗೆ ಅತಿ ಹೆಚ್ಚು ಕಲಿಸಿದ್ದು ಗಡಿಯಾರ. ಮೊದಲ ವರ್ಷ, ಹಸಿರು ಹೊಳೆಯಿಸುವ ಜೀನ್ ಹಾಕಿ ನೋಡುವಾಗ, ಒಂದು ದಿನ ಅರ್ಧಕ್ಕರ್ಧ ಕೋಶಗಳು ಹೊಳೆದರೆ ಮರುದಿನ ಅಲ್ಲೊಂದು ಇಲ್ಲೊಂದು. ಅದೇ ಪ್ಲಾಸ್ಮಿಡ್, ಅದೇ ಕೋಶ. ನೋಟ್‌ಬುಕ್ ತಿರುವಿ ನೋಡಿದಾಗ ಗೊತ್ತಾಯಿತು: ಬೆರೆಸಿದ ಟ್ಯೂಬ್ ಒಮ್ಮೆ 10 ನಿಮಿಷ ಇಟ್ಟಿದ್ದೆ, ಒಮ್ಮೆ 50. ಉಪ್ಪಿರುವ ಮೀಡಿಯಾದಲ್ಲಿ (ಕೋಶ ಬೆಳೆಸುವ ದ್ರವದಲ್ಲಿ) ಉಂಡೆಗಳು ಒಂದಕ್ಕೊಂದು ಅಂಟಿ ಬೆಳೆಯುತ್ತಲೇ ಇರುತ್ತವೆ, ಅಲ್ವಾ? ಈಗ 15 ನಿಮಿಷಕ್ಕೆ ಟೈಮರ್ ಇಡುತ್ತೇನೆ. ಹನ್ನೆರಡು ಪ್ಲೇಟ್ ಇದ್ದರೆ ಎಲ್ಲವನ್ನೂ ಒಟ್ಟಿಗೆ ಬೆರೆಸುವುದಿಲ್ಲ, ನಾಲ್ಕು ನಾಲ್ಕಾಗಿ ಮಾಡುತ್ತೇನೆ.

ಎಚ್‌ಇಕೆ293ಟಿ (ಮಾನವ ಭ್ರೂಣದ ಮೂತ್ರಪಿಂಡದಿಂದ ಬಂದ, ಲ್ಯಾಬ್‌ನಲ್ಲಿ ಬೆಳೆಸುವ) ಕೋಶಗಳಿಗೆ ಕಣ್ಣುಮುಚ್ಚಿ ಹೇಳುತ್ತೇನೆ, ತೊಗೊಳ್ಳಿ. ಇಲಿಯ ಮೆದುಳಿನಿಂದ ತೆಗೆದ ನ್ಯೂರಾನ್‌ಗಳ ಮೇಲೆ ಮೂರು ಸಲ ಹಾಕಿದೆ. ಮೂರು ಸಲವೂ ಬಹುಪಾಲು ಸತ್ತವು. ಪಿಇಐ ಕೋಶಕ್ಕೆ ವಿಷ. ಗಟ್ಟಿ ಕೋಶಗಳಿಗೂ ನಾನು ಪಿಇಐ ಹಾಕಿ 5 ಗಂಟೆ ಕಳೆದ ಮೇಲೆ ಮೀಡಿಯಾ ಬದಲಿಸುತ್ತೇನೆ. ಈ ಪಾಲಿಮರ್ ದೇಹದಲ್ಲಿ ಸುಲಭವಾಗಿ ಒಡೆಯುವುದೂ ಇಲ್ಲ. ರೋಗಿಗಳಿಗೆ ಕೊಡುವ ಔಷಧಿಯಲ್ಲಿ ಲಿಪಿಡ್ ನ್ಯಾನೋಕಣಗಳು ಮುಂದೆ ಹೋಗಿವೆ. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪ್ಯಾಟಿಸಿರಾನ್ ಆರ್‌ಎನ್‌ಎ ಔಷಧಿ, ಆಮೇಲೆ ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆಗಳು ಆ ದಾರಿಯವು. ನ್ಯೂರಾನ್‌ಗೆ ನಾನೂ ಈಗ ಲಿಪಿಡ್ ಕಿಟ್ಟನ್ನೇ ತರಿಸುತ್ತೇನೆ, ದುಬಾರಿಯಾದರೂ.